ಐದನೇ ಮಹಡಿಯ ಡ್ರೈವಿಂಗ್ ಕ್ಲಾಸ್

ಚಾಮರಾಜಪೇಟೆಯಲ್ಲಿ ಕುಸುಮಾ ಅಂದರೆ ಯಾವ ಕುಸುಮಾ ಎಂದು ಕೇಳುವವರಿದ್ದಾರೆ. ಡ್ರೈವಿಂಗ್ ಕುಸುಮಾ ಅಂದರೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಈಚಿನ ವರ್ಷಗಳಲ್ಲಿ ಕಾರು ಕಲಿತ ಹೆಂಗಸರಲ್ಲಿ ಬಹಳ ಮಂದಿ ಆಕೆಯ ಪಕ್ಕ ಕೂತು ಬೆವರಿದವರೇ. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ಹಾಗಾಗಿ ಈ ಕಥೆಯ ಅರ್ಧ ನನಗೆ ಮನೆಯಲ್ಲೇ ಸಿಕ್ಕಿತು, ಇನ್ನರ್ಧವನ್ನು ಕುಸುಮಾ ತಾವೇ ಹೇಳಿದರು.

ಆಕೆ ಹುಟ್ಟಿದ್ದು ಓಕಳಿಪುರದಲ್ಲಿ, ರೈಲು ಹಳಿಯ ಪಕ್ಕದ ಮನೆಯಲ್ಲಿ. ತಂದೆ ಚಿಕ್ಕವೆಂಕಟಪ್ಪ ತಳ್ಳುಗಾಡಿಯಲ್ಲಿ ತರಕಾರಿ ಇಟ್ಟುಕೊಂಡು ಶೇಷಾದ್ರಿಪುರದಿಂದ ಮಲ್ಲೇಶ್ವರದವರೆಗೆ ಬೀದಿ ಬೀದಿ ತಿರುಗುತ್ತಿದ್ದರು. ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿ ಚಾಮರಾಜಪೇಟೆಯ ಶಿವಶಂಕರ್‌ಗೆ ಮದುವೆ ಮಾಡಿಕೊಟ್ಟರು. ಶಿವಶಂಕರ್‌ದೂ ತರಕಾರಿ ವ್ಯಾಪಾರವೇ, ಆದರೆ ಗಾಡಿ ತಳ್ಳುವುದಲ್ಲ. ಹಳೆಯ ಓಮ್ನಿ ವ್ಯಾನೊಂದರಲ್ಲಿ ಮಾರ್ಕೆಟ್ಟಿನಿಂದ ಮಾಲು ತುಂಬಿಕೊಂಡು ಬಸವನಗುಡಿಯ ಹೋಟೆಲುಗಳಿಗೆ ಹಾಕುತ್ತಿದ್ದ. ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಏರಿತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಒಬ್ಬ ಡ್ರೈವರನ್ನು ಇಟ್ಟುಕೊಂಡು ನೋಡಿದರು. ಅವನು ವಾರದಲ್ಲಿ ಎರಡು ದಿನ ಬಂದರೆ ಎರಡು ದಿನ ಫೋನ್ ಎತ್ತುತ್ತಿರಲಿಲ್ಲ. ಹೋಟೆಲಿನವರು ಕೂಗಾಡತೊಡಗಿದಾಗ ಕುಸುಮಾ ಒಂದು ದಿನ ಗಂಡನಿಗೆ ಹೇಳಿದರು, "ರೀ, ನಾನೇ ಓಡಿಸ್ತೀನಿ. ಹೇಳ್ಕೊಡಿ."

ಶಿವಶಂಕರ್ ನಕ್ಕ. ಹೆಂಡತಿ ನಗಲಿಲ್ಲ.

ಬೀದಿಯಲ್ಲಿ ಕಲಿಯುವುದು ಆಗದ ಮಾತು. ಚಾಮರಾಜಪೇಟೆಯ ರಸ್ತೆಯ ಎರಡೂ ಬದಿ ಕಾರು ನಿಂತಿರುತ್ತವೆ, ನಡುವೆ ಉಳಿದ ಜಾಗದಲ್ಲಿ ಆಟೋ, ಹಸು, ಶಾಲೆಯ ಮಕ್ಕಳು. ಅವರ ಮನೆಯ ಹಿಂದಿನ ರಸ್ತೆಯಲ್ಲಿ ಐದು ಮಹಡಿಯ ಪಾರ್ಕಿಂಗ್ ಕಟ್ಟಡವೊಂದಿತ್ತು. ತೊಂಬತ್ತರ ದಶಕದಲ್ಲಿ ಒಂದು ಧರ್ಮಸಂಸ್ಥೆ ಕಟ್ಟಿಸಿದ್ದು. ಅದರಿಂದ ಬರುವ ಬಾಡಿಗೆಯಲ್ಲಿ ಬಡಮಕ್ಕಳ ಹಾಸ್ಟೆಲು ನಡೆಯಲಿ ಎಂಬುದು ಉದ್ದೇಶ. ಆದರೆ ಎರಡನೇ ಮಹಡಿ ದಾಟಿ ಮೇಲಕ್ಕೆ ಹೋಗುವವರೇ ಇರಲಿಲ್ಲ. ಹೊರಗೆ ರಸ್ತೆ ತುಂಬಿ ತುಳುಕಿದರೂ ಒಳಗೆ ಮೇಲಿನ ಮಹಡಿಗಳು ಖಾಲಿ ಹೊಡೆಯುತ್ತಿದ್ದವು. ಐದನೆಯದಕ್ಕೆ ಮೇಲೆ ಚಾವಣಿಯೂ ಇಲ್ಲ, ತೆರೆದ ಆಕಾಶ. ಅಲ್ಲಿನ ವಾಚ್‌ಮನ್ ಬೈರಯ್ಯ ಶಿವಶಂಕರನಿಗೆ ಹಳೆಯ ಪರಿಚಯ.

"ಮೇಲೆ ಪಾರಿವಾಳ ಬಿಟ್ರೆ ಯಾರಿಲ್ಲ. ಹೋಗಿ ತಿರುಗ್ಸಿ," ಅಂದ ಬೈರಯ್ಯ.

ಶಿವಶಂಕರ್ ಪಕ್ಕದ ಸೀಟಿನಲ್ಲಿ ಕೂತ. ಅವನಿಗೆ ಆಗಲೇ ಎದುರಿನದು ಮಂಜು ಮಂಜು. ಇಂಜಿನ್ನಿನ ಸದ್ದು ಕೇಳಿಕೊಂಡು ಹೇಳಿಕೊಡುತ್ತಿದ್ದ.

"ಕ್ಲಚ್ ಬೇಗ ಬಿಟ್ಟೆ. ಹೆಂಗೆ ಕೂಗ್ತಿದೆ ಕೇಳು."

"ಗೋಡೆ ಎಷ್ಟು ದೂರ ಐತೆ ನೋಡ್ರಿ."

"ನಂಗೆ ಕಾಣ್ಸಿದ್ರೆ ನಾನೇ ಓಡಿಸ್ತಿದ್ದೆ. ನೀನೇ ನೋಡು."

ಹೀಗೆ ಕಲಿತರು. ಗೋಡೆಗೆ ಒಮ್ಮೆ ಗುದ್ದಿದರು, ವ್ಯಾನಿನ ಹಿಂದಿನ ಬಂಪರ್ ಕಳಚಿಬಿತ್ತು. ನೋಡಿ ನಗುವವರು ಯಾರೂ ಇರಲಿಲ್ಲ. ಆ ಮಹಡಿಯ ದೊಡ್ಡ ಅನುಕೂಲವೇ ಅದು ಎಂದು ಕುಸುಮಾ ಈಗಲೂ ಹೇಳುತ್ತಾರೆ.

ಲೈಸೆನ್ಸ್ ಬಂತು. ಹೋಟೆಲುಗಳಿಗೆ ಮಾಲು ಮತ್ತೆ ಹೊತ್ತಿಗೆ ಸರಿಯಾಗಿ ತಲುಪತೊಡಗಿತು. ತರಕಾರಿ ವ್ಯಾನ್ ಓಡಿಸುವ ಹೆಂಗಸನ್ನು ನೋಡಿ ಮೊದಲು ಒಬ್ಬ ಹೋಟೆಲ್ ಮಾಲೀಕರ ಸೊಸೆ, ಆಮೇಲೆ ಆಕೆಯ ಗೆಳತಿ, ನಮಗೂ ಕಲಿಸ್ತೀರಾ ಎಂದು ಕೇಳಿದರು. ಕುಸುಮಾ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿ ಕಲಿಸುವ ಕ್ರಮ ತಿಳಿದುಕೊಂಡರು. ಬೇಕಾದ ಪರವಾನಗಿಗಳನ್ನೆಲ್ಲ ಮಾಡಿಸಿಕೊಂಡು, ಎರಡೂ ಕಡೆ ಬ್ರೇಕು ಕ್ಲಚ್ಚು ಇರುವ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಸ್ವಂತ ಕ್ಲಾಸು ಶುರುಮಾಡಿದರು. ಸಂಸ್ಥೆಗೆ ತಿಂಗಳ ಬಾಡಿಗೆ ಕಟ್ಟಿ ಐದನೇ ಮಹಡಿಯನ್ನೇ ಹಿಡಿದರು. ಯಾರೇ ಬರಲಿ, ಮೊದಲ ವಾರ ಮೇಲೆ, ಆಮೇಲೆ ರಸ್ತೆಗೆ. ನನ್ನ ಹೆಂಡತಿ ಅಲ್ಲಿ ಮೊದಲ ದಿನ ಅತ್ತಳಂತೆ. ನನಗೆ ಹೇಳಿದ್ದು ವರ್ಷದ ಮೇಲೆ.

ಎರಡು ಸಾವಿರದ ಇಪ್ಪತ್ತೆರಡರಲ್ಲಿ ಗೋದಾ ಎಂಬುವರು ಕಲಿಯಲು ಬಂದರು. ವಯಸ್ಸು ಅರವತ್ತು ದಾಟಿತ್ತು. ಶಂಕರಪುರದಲ್ಲಿ ಮನೆ. ಸರ್ಕಾರಿ ಇಲಾಖೆಯಲ್ಲಿ ಸೇತುವೆಗಳ ನಕ್ಷೆ, ಲೆಕ್ಕಾಚಾರ ಮಾಡುವ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಯಜಮಾನರು ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಮಾರಲು ಮನಸ್ಸು ಬಾರದೆ ಕಲಿಯಲು ಬಂದಿದ್ದರು. ಮಾತು ಕಡಿಮೆ, ತಪ್ಪು ಮಾಡಿದರೆ ತಮ್ಮನ್ನು ತಾವೇ ಬೈದುಕೊಳ್ಳುವರು.

ಆ ವರ್ಷ ಮಳೆ ಬಿಡದೆ ಹೊಡೆಯಿತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಐದನೇ ಮಹಡಿ ಕೆರೆಯ ಹಾಗೆ ನಿಂತಿದ್ದರಿಂದ ಕುಸುಮಾ ಒಂದು ಮಹಡಿ ಕೆಳಗೆ, ನಾಲ್ಕರಲ್ಲಿ, ಗೋದಾ ಅವರಿಗೆ ರಿವರ್ಸ್ ಹೇಳಿಕೊಡುತ್ತಿದ್ದರು. ಫಟ್ಟೆಂದು ಏನೋ ಬಿತ್ತು. ಮುಂದಿನ ಗಾಜು ಒಡೆದು ಒಳಕ್ಕೆ ಸಿಡಿಯಿತು. ಕುಸುಮಾ ಬ್ರೇಕ್ ತುಳಿದು ಕಿರುಚಿಕೊಂಡರು. ನೋಡಿದರೆ ಬಾನೆಟ್ ಮೇಲೆ ಕುಕ್ಕರಿನಷ್ಟು ದಪ್ಪದ ಕಾಂಕ್ರೀಟ್ ತುಂಡು. ಗೋದಾ ಅವರ ಹಣೆಯಿಂದ ರಕ್ತ.

ಬೈರಯ್ಯ ಟವೆಲ್ ಹಿಡಿದು ಮೇಲಕ್ಕೆ ಓಡಿಬಂದ. ಗೋದಾ ಅದನ್ನು ಹಣೆಗೆ ಒತ್ತಿಕೊಂಡು ಕಾರಿನಿಂದಿಳಿದು ತಲೆಯೆತ್ತಿ ನೋಡಿದರು. ಮೇಲಿನ ಸ್ಲ್ಯಾಬ್ ಕಿತ್ತುಹೋಗಿ ಒಳಗಿನ ಕಂಬಿಗಳು ಕಾಣುತ್ತಿದ್ದವು. ತುಕ್ಕು ಹಿಡಿದು ಕೆಂಪಗೆ ಉಬ್ಬಿದ್ದವು.

"ಮೇಡಂ, ಬನ್ನಿ, ಆಸ್ಪತ್ರೆಗೆ ಹೋಗೋಣ," ಕುಸುಮಾ ಅವರ ತೋಳು ಹಿಡಿದುಕೊಂಡರು.

"ಹೋಗೋಣ. ಮೇಲೆ ನೀರು ಎಷ್ಟು ವರ್ಷದಿಂದ ಹೀಗೆ ನಿಲ್ತಿದೆ?" ಗೋದಾ ಕೇಳಿದರು.

ಮರುದಿನ ಕುಸುಮಾ ಸಂಸ್ಥೆಯ ಕಚೇರಿಗೆ ಹೋದರು. ಕಾರ್ಯದರ್ಶಿ ದೊರೆಸ್ವಾಮಿ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದವರು. ಬಿಳಿ ಪಂಚೆ, ಮೆಲುಮಾತು. ಕುಸುಮಾ ಕೂರಲಿಲ್ಲ.

"ಸಾರ್, ಆ ಬಿಲ್ಡಿಂಗ್ ಕೆಡವಿಬಿಡಿ. ನನ್ನ ಸ್ಟೂಡೆಂಟ್ ತಲೆ ಮೇಲೆ ಬಿತ್ತು. ಸ್ವಲ್ಪ ಆಕಡೆ ಈಕಡೆ ಆಗಿದ್ರೆ ಹೋಗ್ಬಿಡ್ತಿದ್ರು."

"ನಾನೂ ಅದನ್ನೇ ಹೇಳ್ತಾ ಬಂದಿದೀನಮ್ಮ," ಅಂದರು ದೊರೆಸ್ವಾಮಿ. ಒಬ್ಬ ಬಿಲ್ಡರು ಬಹಳ ದಿನದಿಂದ ಆ ಜಾಗ ಕೇಳುತ್ತಿದ್ದ. ಕೆಡವಿ, ಅಂಗಡಿ ಸಾಲು ಕಟ್ಟಿ, ಸಂಸ್ಥೆಗೂ ಒಂದು ಪಾಲು ಕೊಡುವ ಮಾತು. ಆ ವಾರವೇ ಗೇಟಿಗೆ ಬೀಗ ಬಿತ್ತು. ಅಪಾಯಕಾರಿ ಕಟ್ಟಡ, ಪ್ರವೇಶವಿಲ್ಲ ಎಂಬ ಬೋರ್ಡು ಬಂತು.

ಇದು ಗೋದಾ ಅವರ ಕಿವಿಗೆ ಬಿದ್ದು, ಅವರು ಕುಸುಮಾರ ಮನೆಗೇ ಬಂದರು. ಹಣೆಯ ಮೇಲೆ ಹೊಲಿಗೆ, ಅದರ ಮೇಲೆ ಪಟ್ಟಿ. ಶಿವಶಂಕರ್ ಕುರ್ಚಿ ಎಳೆದುಕೊಟ್ಟ.

"ಕೆಡವಿ ಅಂತ ನೀವೇ ಹೇಳಿದ್ರಂತೆ?"

"ನಿಮ್ಮ ಹಣೆ ನೋಡ್ಕೊಳಿ ಮೇಡಂ."

"ಹಣೆಗೆ ಡಾಕ್ಟರು ಹೊಲಿಗೆ ಹಾಕಿದ್ರು. ತಲೆ ತೆಗೀಬೇಕು ಅನ್ಲಿಲ್ಲವಲ್ಲ."

ಶಿವಶಂಕರ್ ಜೋರಾಗಿ ನಕ್ಕುಬಿಟ್ಟ. ಕುಸುಮಾಗೆ ಸಿಟ್ಟು ಬಂತು. ತಮಾಷೆಯ ವಿಷಯವಲ್ಲ ಎಂದರು. ಅಲ್ಲ ಎಂದು ಗೋದಾ ಒಪ್ಪಿಕೊಂಡರು. ಕಟ್ಟಡ ಗಟ್ಟಿಯಾಗಿದೆ ಎಂದು ತಾವು ಹೇಳುತ್ತಿಲ್ಲ, ಹೇಳಲು ಆಗುವುದೂ ಇಲ್ಲ. ಆದರೆ ಕೆಟ್ಟಿದೆ ಎಂದು ಕೂಡ ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ಮೇಲಿನ ನೀರು ಹೋಗುವ ಪೈಪು ಕಟ್ಟಿಕೊಂಡು, ನಿಂತ ನೀರು ಇಳಿದು ಕಂಬಿಗೆ ತುಕ್ಕು ಬಂದಿದ್ದರೆ ಅದು ರಿಪೇರಿಯಾಗುವ ಕಾಯಿಲೆ. ಕಂಬಗಳೇ ಸೋತಿದ್ದರೆ ಬೇರೆ ಮಾತು.

ಇಬ್ಬರೂ ದೊರೆಸ್ವಾಮಿಯವರ ಬಳಿ ಹೋದರು. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ನೋಡಿ ಗೋದಾ ಅವರೇ, ನಾಳೆ ಅಲ್ಲಿ ಒಂದು ಜೀವ ಹೋದ್ರೆ ಆ ಮನೆಯವರ ಮುಂದೆ ಹೋಗಿ ನಿಲ್ಬೇಕಾದವನು ನಾನು. ನಂಗೆ ನಿದ್ದೆ ಬರಲ್ಲ."

"ನಿಜ. ಅಭಯ ಕೊಡೋಕೆ ನಾನು ಬಂದಿಲ್ಲ. ಪರೀಕ್ಷೆ ಮಾಡಿಸಿ. ಉಳಿಯಲ್ಲ ಅಂತ ಬಂದ್ರೆ, ಕೆಡವಿ ಅಂತ ನಾನೇ ಬಂದು ಹೇಳ್ತೀನಿ."

ದೊರೆಸ್ವಾಮಿ ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕಟ್ಟಡಕ್ಕೆ ತಾಗಿಕೊಂಡಂತೆ ಪಾರ್ವತಮ್ಮ ಎಂಬುವರ ಹಳೆಯ ಮಣ್ಣುಗಾರೆಯ ಮನೆ ಇತ್ತು. ಕೆಡವುವ ಯಂತ್ರ ಬಂದರೆ ತನ್ನ ಗೋಡೆ ಬಿರುಕು ಬಿಡುತ್ತದೆ ಎಂದು ಆಕೆ ಬೆಳಿಗ್ಗೆ ಸಂಜೆ ಕಚೇರಿಗೆ ಬಂದು ಕೂರುತ್ತಿದ್ದರು.

ಒಂದು ಇಂಜಿನಿಯರಿಂಗ್ ಕಾಲೇಜಿನವರು ಬಂದು ಕಂಬ, ಸ್ಲ್ಯಾಬುಗಳಿಂದ ಬಾಟಲಿಯಾಕಾರದ ತುಂಡುಗಳನ್ನು ಕೊರೆದು ತೆಗೆದುಕೊಂಡು ಹೋದರು. ಫಲಿತಾಂಶ ಬಂದ ದಿನ ಗೋದಾ ಕುಸುಮಾರನ್ನು ಕಟ್ಟಡದ ಗೇಟಿನ ಬಳಿಯೇ ಕರೆಸಿಕೊಂಡರು.

"ಒಳಗಿನ ಕಂಬಗಳು ಚೆನ್ನಾಗಿವೆ. ಹೊರಸಾಲಿನ ಕಂಬಗಳಿಗೆ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಹೊದಿಸ್ಬೇಕು. ನಾಲ್ಕು ಮಹಡಿ ಉಳಿಸ್ಕೋಬಹುದು."

"ಐದನೇದು?"

"ಅದರ ಸ್ಲ್ಯಾಬು ಬಹಳ ತಿಂದುಹೋಗಿದೆ. ತೇಪೆ ಹಾಕಿ ಸ್ಕೂಟರು ನಿಲ್ಲಿಸ್ಬಹುದು. ಅದರ ಮೇಲೆ ಇನ್ನು ಕಾರು ಹತ್ತೋ ಹಾಗಿಲ್ಲ."

ಕುಸುಮಾ, "ಅದೇ ನನ್ನ ಕ್ಲಾಸು ಮೇಡಂ," ಅಂದರು.

"ಗೊತ್ತು. ಅದಕ್ಕೇ ದೊರೆಸ್ವಾಮಿಯವರಿಗಿಂತ ಮುಂಚೆ ನಿಮಗೆ ಹೇಳ್ದೆ."

ಆ ದಿನ ಮಧ್ಯಾಹ್ನ ಕುಸುಮಾ ಊಟ ಮಾಡದೆ ಕೂತಿದ್ದರು. ಯಾರ ಕಟ್ಟಡಕ್ಕೆ ಯಾರು ಓಡಾಡುವುದು, ತನಗೇನು ಬಂತು ಎಂದು ಗಂಡನ ಮುಂದೆ ಹೇಳಿಕೊಂಡರು.

"ಕೆಡವಿದ್ರೂ ಐದನೇದು ಇರಲ್ಲ, ಉಳಿಸಿದ್ರೂ ಇರಲ್ಲ," ಅಂದ ಶಿವಶಂಕರ್. "ಉಳಿಸಿದ್ರೆ ಕೆಳಗಿನ ನಾಲ್ಕಾದ್ರೂ ಇರ್ತವೆ. ನಂಗಿಂತ ನಿಂಗೆ ಚೆನ್ನಾಗಿ ಕಣ್ಣು ಕಾಣುತ್ತೆ, ಯೋಚ್ನೆ ಮಾಡು."

ಸಂಸ್ಥೆಯ ಸಭೆ ಒಂದು ಭಾನುವಾರ ಇತ್ತು. ಅದಕ್ಕೆ ಮೊದಲೇ ದೊರೆಸ್ವಾಮಿ ತಮ್ಮ ಕೊನೆಯ ಅಡ್ಡಿಯನ್ನು ಹೇಳಿಬಿಟ್ಟಿದ್ದರು. ರಿಪೇರಿ ಮಾಡಿಸೋಣ, ಆದರೆ ಇಷ್ಟು ವರ್ಷ ಮೇಲಕ್ಕೆ ಬಾರದ ಜನ ಈಗ ಯಾಕೆ ಬರುತ್ತಾರೆ? ಖಾಲಿ ಕಟ್ಟಡವನ್ನು ಗಟ್ಟಿ ಮಾಡಿ ಏನು ಉಪಯೋಗ? ಕುಸುಮಾ ತಮ್ಮಿಂದ ಕಲಿತವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಕಾರು ಎಲ್ಲಿ ನಿಲ್ಲಿಸ್ತೀರಿ, ಆ ಬಿಲ್ಡಿಂಗಿನಲ್ಲಿ ಯಾಕೆ ನಿಲ್ಲಿಸಲ್ಲ, ಬಂದು ಸಭೆಯಲ್ಲಿ ಹೇಳಿ ಎಂದರು.

ಹತ್ತಾರು ಜನ ಬರಬಹುದು ಅಂದುಕೊಂಡಿದ್ದರು. ಕಚೇರಿಯಲ್ಲಿ ನಿಲ್ಲಲು ಜಾಗವಿಲ್ಲದೆ ಸಭೆಯನ್ನು ಹಾಸ್ಟೆಲಿನ ಊಟದ ಹಾಲ್‌ಗೆ ಬದಲಾಯಿಸಬೇಕಾಯಿತು. ನನ್ನ ಹೆಂಡತಿಯ ಜೊತೆ ನಾನೂ ಹೋಗಿದ್ದೆ. ಬಿಂದುಶ್ರೀ ಎಂಬ ನರ್ಸ್ ಮೊದಲು ಎದ್ದು ನಿಂತರು.

"ನನ್ನ ಡ್ಯೂಟಿ ಮುಗಿಯೋದು ಕತ್ತಲಾದ ಮೇಲೆ. ಮೆಟ್ಟಿಲಲ್ಲಿ ಒಂದು ಲೈಟಿಲ್ಲ. ಮೂಲೆ ಮೂಲೇಲಿ ಗಂಡಸ್ರು ಉಚ್ಚೆ ಹೊಯ್ದಿರ್ತಾರೆ. ಕಾರು ತೆಗೆಯೋಕೆ ಒಬ್ಬಳೇ ಹೆಂಗೆ ಹತ್ಲಿ ಸಾರ್?"

ಆಮೇಲೆ ಒಬ್ಬರಾದ ಮೇಲೊಬ್ಬರು. ಬೆಳಕು ಬೇಕು, ಶೌಚಾಲಯ ಬೇಕು, ಗೇಟಿನಲ್ಲಿ ಆಳು ಬೇಕು, ಒಳಗಿನದು ಹೊರಗೆ ಕಾಣಬೇಕು. ದೊರೆಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷ ಯಾರೂ ಬಂದು ಹೇಳ್ಲಿಲ್ಲವಲ್ಲಮ್ಮ?"

"ಒಳಗೇ ಬರ್ತಿರ್ಲಿಲ್ಲ ಸಾರ್. ಹೇಳೋದು ಎಲ್ಲಿಂದ," ಅಂದರು ಕುಸುಮಾ.

ಇನ್ನೊಂದು ವಿಷಯವನ್ನು ಗೋದಾ ವಿವರಿಸಿದರು. ಕೆಡವಿ ಹೊಸದು ಕಟ್ಟಿದರೆ ಈಗಿನ ನಿಯಮದಂತೆ ಸುತ್ತ ಜಾಗ ಬಿಡಬೇಕು. ಇಕ್ಕಟ್ಟಿನ ಆ ರಸ್ತೆಯಲ್ಲಿ ಈಗಿರುವಷ್ಟು ದೊಡ್ಡ ಕಟ್ಟಡ ಮತ್ತೆ ಏಳುವುದಿಲ್ಲ. ಬಿಲ್ಡರ್ ಇದನ್ನು ಸಂಸ್ಥೆಯವರಿಗೆ ಬಿಡಿಸಿ ಹೇಳಿರಲಿಲ್ಲ. ಸಭೆಯಲ್ಲಿ ಒಬ್ಬರು ಮಾತ್ರ ವಿರೋಧಿಸಿದರು. ರಿಪೇರಿ ಎಂದು ತೀರ್ಮಾನವಾಯಿತು.

ಕೆಲಸವೇನೋ ಶುರುವಾಯಿತು, ಗೇಟಿಗೆ ಬೀಗ ಬಿದ್ದಾಗಿನ ಕುಸುಮಾರ ಕಷ್ಟ ಮುಗಿಯಲಿಲ್ಲ. ಕಲಿಸಲು ಜಾಗವಿಲ್ಲ. ಬೆಳಿಗ್ಗೆ ಬೇಗ ಒಂದು ಮೈದಾನದ ಅಂಚಿನ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಕ್ರಿಕೆಟ್ ಆಡಲು ಬಂದ ಹುಡುಗರು ಕಾರು ನಿಂತು ನಿಂತು ಹೋದಾಗಲೆಲ್ಲ ಸಿಳ್ಳೆ ಹಾಕುವರು. ಕೆಲವರು ಅರ್ಧಕ್ಕೇ ಬಿಟ್ಟುಹೋದರು. ಕುಸುಮಾ ಮತ್ತೆ ಓಮ್ನಿ ಹತ್ತಿ ಮಾರ್ಕೆಟ್ಟಿಗೆ ಹೋಗತೊಡಗಿದರು. ಶಿವಶಂಕರನ ಒಂದು ಕಣ್ಣು ಪೂರ್ತಿ ಹೋಗಿತ್ತು. ಆದರೂ ಮೂಟೆ ಎತ್ತಲು ಜೊತೆಗೆ ಬರುತ್ತಿದ್ದ.

ಕಟ್ಟಡದಲ್ಲಿ ಹಗಲಿಡೀ ಕೊರೆಯುವ ಸದ್ದು. ಸಡಿಲವಾದ ಕಾಂಕ್ರೀಟನ್ನು ಕಿತ್ತು, ಕಂಬಿಯ ತುಕ್ಕನ್ನು ಉಜ್ಜಿ ತೆಗೆದು, ಹೋದ ಕಡೆ ಹೊಸದು ಕಟ್ಟಿ ಮುಚ್ಚುತ್ತಿದ್ದರು. ಅರ್ಧ ಕೆಲಸವಾದಾಗ ಕಾರುಗಳು ಹತ್ತಿಳಿಯುವ ಮೇಲಿನ ರ‍್ಯಾಂಪ್ ಕೂಡ ಒಳಗೆ ಹಾಳಾಗಿರುವುದು ಕಂಡಿತು. ಅಂದುಕೊಂಡದ್ದಕ್ಕಿಂತ ಖರ್ಚು ಏರಿತು. ಕೆಲಸ ನಿಂತೇಹೋಯಿತು. ದೊರೆಸ್ವಾಮಿ ಬಿಲ್ಡರನ್ನು ಮತ್ತೆ ಕರೆಸಿದ್ದಾರೆ ಎಂದು ಬೈರಯ್ಯ ಬಂದು ಹೇಳಿದ.

ಕುಸುಮಾ ತರಕಾರಿ ವ್ಯಾನಿನಲ್ಲೇ ಕಚೇರಿಗೆ ಹೋದರು. "ಸಾರ್, ಕೆಳಗಿನ ಎರಡು ಮಹಡಿ ಮುಗಿದಿದೆ ಅಲ್ವಾ? ಅದನ್ನ ತೆಗೀರಿ. ಬರೋ ಬಾಡಿಗೆ ಬರಲಿ, ಅದ್ರಲ್ಲಿ ಮೇಲಿಂದು ಮಾಡ್ಸಿ."

"ಮೇಲೆ ಕೆಲಸ ನಡೀವಾಗ ಕೆಳಗೆ ಜನ ಬಿಡೋಕಾಗುತ್ತೇನಮ್ಮ?"

ಕುಸುಮಾ ಅಲ್ಲಿಂದಲೇ ಫೋನ್ ಮಾಡಿದರು. ಗೋದಾ ಬಂದು ನೋಡಿದರು. ಮೊದಲು ಅವರೂ ಆಗದೆಂದರು. ಆಮೇಲೆ ಗುತ್ತಿಗೆದಾರನ ಜೊತೆ ಕೂತು, ಮೂರನೇ ಮಹಡಿಯಲ್ಲಿ ಮೇಲಿನ ಸ್ಲ್ಯಾಬಿಗೆ ಆಸರೆಯಾಗಿ ಕಬ್ಬಿಣದ ಜಾಕಿ ನಿಲ್ಲಿಸಿ ಅದನ್ನು ಖಾಲಿ ಬಿಟ್ಟು, ಮೇಲಿನ ಕೆಲಸ ದಿನವೂ ಸಂಜೆಗೆ ಮೊದಲು ಮುಗಿಸುವುದಾದರೆ ಕೆಳಗಿನ ಎರಡು ಮಹಡಿ ತೆರೆಯಬಹುದು ಎಂದು ಒಪ್ಪಿದರು. ಕಾರು ಬಿಡುವುದು ಕೆಲಸಗಾರರು ಇಳಿದ ಮೇಲೆ ಮಾತ್ರ. ಗೇಟಿನಲ್ಲಿ ನಿಂತು ಇದನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳುವವರು ಬೇಕಿತ್ತು. ಬೈರಯ್ಯನಿಗೆ ವಯಸ್ಸಾಗಿತ್ತು, ಗದರಿದರೆ ಬಿಟ್ಟುಬಿಡುತ್ತಿದ್ದ. ಕುಸುಮಾ ನಿಂತರು. ಎಂಎಲ್‌ಎ ಕಡೆಯವರು ಎಂದು ಹೇಳಿಕೊಂಡು ಹೊತ್ತಿಗೆ ಮುಂಚೆ ಕಾರು ನುಗ್ಗಿಸಲು ಬಂದವರೊಬ್ಬರ ಮುಂದೆ ತಮ್ಮ ಓಮ್ನಿಯನ್ನು ಅಡ್ಡ ನಿಲ್ಲಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಫಿ ಕುಡಿಯಲು ಹೋದರು ಎಂಬುದು ನಮ್ಮ ಬೀದಿಯಲ್ಲಿ ಈಗಲೂ ಹೇಳುವ ಮಾತು. ಸಭೆಗೆ ಬಂದಿದ್ದ ಹೆಂಗಸರಲ್ಲಿ ಬಹಳ ಮಂದಿ ಆ ತಿಂಗಳೇ ಬಂದು ಕಾರು ನಿಲ್ಲಿಸಿದರು. ಬಿಲ್ಡರ್ ಇನ್ನೆರಡು ಸಲ ಬಂದು, ಆಮೇಲೆ ಬರುವುದು ಬಿಟ್ಟ.

ಎರಡು ಸಾವಿರದ ಇಪ್ಪತ್ತನಾಲ್ಕರ ಕೊನೆಗೆ ಎಲ್ಲ ಮುಗಿಯಿತು. ಹೊರಗೋಡೆಯನ್ನು ತಗ್ಗಿಸಿ ಜಾಲರಿ ಹಾಕಿದ್ದರು, ಒಳಗೆಲ್ಲ ಬೆಳಕು. ಮೆಟ್ಟಿಲಿಗೆ ದೀಪ ಬಂದಿತ್ತು, ಕೆಳಗೆ ಶೌಚಾಲಯ. ಐದನೇ ಮಹಡಿಗೆ ಹಗುರ ಶೀಟಿನ ಮಾಡು, ಬರಿಯ ಸ್ಕೂಟರುಗಳಿಗೆ.

ಪೂಜೆಯ ದಿನ ಗೋದಾ ತಮ್ಮ ಯಜಮಾನರ ಕಾರನ್ನು ತಾವೇ ಓಡಿಸಿಕೊಂಡು ಬಂದರು. ಈ ನಡುವೆ ಮೈದಾನದ ಹುಡುಗರ ಸಿಳ್ಳೆಯ ನಡುವೆಯೇ ಕಲಿತು ಲೈಸೆನ್ಸ್ ಪಡೆದಿದ್ದರು. ನಾಲ್ಕನೇ ಮಹಡಿಯವರೆಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದು ದೊರೆಸ್ವಾಮಿಯವರನ್ನು ಹಿಂದೆ ಕೂರಿಸಿಕೊಂಡರು. ಮೂರನೇ ರ‍್ಯಾಂಪಿನ ನಡುವೆ ಕಾರು ನಿಂತುಹೋಯಿತು. ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಹೂವಿನ ತಟ್ಟೆ ಹಿಡಿದು ನಡೆದುಬರುತ್ತಿದ್ದವರೆಲ್ಲ ಪಕ್ಕಕ್ಕೆ ಹಾರಿದರು.

"ಹ್ಯಾಂಡ್ ಬ್ರೇಕ್ ಎಳೀರಿ ಮೇಡಂ! ಹಾಂ. ಈಗ ಹಾಫ್ ಕ್ಲಚ್... ನಿಧಾನ... ಬಿಡಿ, ಬಿಡಿ!" ಕುಸುಮಾ ರ‍್ಯಾಂಪಿನ ಕೆಳಗಿನಿಂದಲೇ ಕೂಗಿದರು.

ಕಾರು ಒಮ್ಮೆ ನಡುಗಿ ಮೇಲಕ್ಕೆ ಹೋಯಿತು. ನಾಲ್ಕನೇ ಮಹಡಿಯಲ್ಲಿ ಇಳಿದಾಗ ದೊರೆಸ್ವಾಮಿಯವರ ಮುಖ ಬಿಳಿಚಿತ್ತು. ಹಿಂತಿರುಗುವಾಗ ಮೆಟ್ಟಿಲಿಳಿದು ನಡೆದೇ ಬಂದರು.

ಇಡೀ ಕಟ್ಟಡದ ಮೇಲ್ವಿಚಾರಣೆ ನೋಡಿಕೊಳ್ಳಿ ಎಂದು ಸಂಸ್ಥೆ ಕುಸುಮಾರನ್ನು ಕೇಳಿತು. ಸಂಜೆಯ ಹೊತ್ತಿಗೆ ಮಾತ್ರ ಒಪ್ಪಿಕೊಂಡರು. ಬೆಳಿಗ್ಗೆ ಕ್ಲಾಸು ಬಿಡುವುದಿಲ್ಲ ಎಂದರು. ಈಗ ಅದು ನಾಲ್ಕನೇ ಮಹಡಿಯಲ್ಲಿ, ತಿಂಗಳ ಬಾಡಿಗೆಯ ಕಾರುಗಳು ಬರುವ ಮುಂಚೆ, ನಡೆಯುತ್ತದೆ. ಐದನೆಯದನ್ನು ಮರೆತರೇ ಎಂದು ಕೇಳಿದೆ. ಇಲ್ಲ ಎಂದರು. ಮೇಲೆ ಕಂಬವೇ ಇರಲಿಲ್ಲ, ಹೊಸಬರು ಹೇಗೆ ಬೇಕಾದರೂ ತಿರುಗಿಸಬಹುದಿತ್ತು. ಇಲ್ಲಿ ಹೊರಸಾಲಿನ ಕಂಬಗಳು ಮೊದಲಿಗಿಂತ ದಪ್ಪವಾಗಿ ಜಾಗ ಇಕ್ಕಟ್ಟಾಗಿದೆ. ಕಲಿಯಲು ಹೆಚ್ಚು ದಿನ ಹಿಡಿಯುತ್ತದೆ, ಕಲಿತವರ ಕೈ ಮಾತ್ರ ಗಟ್ಟಿಯಾಗುತ್ತದಂತೆ.

ಹೋದ ತಿಂಗಳು ದೊರೆಸ್ವಾಮಿ ಮಹಡಿಗಳನ್ನು ನೋಡಲು ಬಂದಾಗ ನಾಲ್ಕರಲ್ಲಿ ಕಂಬದ ಹಳದಿ ಬಣ್ಣ ಉದ್ದಕ್ಕೂ ಕಿತ್ತುಹೋಗಿತ್ತು.

"ಇದ್ಯಾರಮ್ಮ ಮಾಡಿದ್ದು?"

"ನಮ್ಮವರೇ ಸಾರ್. ಹೊಸದಾಗಿ ಸೇರಿದಾರೆ."

ದೊರೆಸ್ವಾಮಿ ಕಂಬವನ್ನೊಮ್ಮೆ ಸವರಿ ನೋಡಿ, ಒಳಗಿನದಕ್ಕೆ ಏನೂ ಆಗಿಲ್ಲ ತಾನೇ ಎಂದು ಕೇಳಿದರು. ಆಗಿಲ್ಲ, ಗೋದಾ ಮೇಡಂಗೂ ತೋರಿಸಿದೆ ಎಂದರು ಕುಸುಮಾ. ಬಣ್ಣ ಹೊಡೆಸುವುದು ಕ್ಲಾಸಿನವರ ಕೆಲಸ ಎಂದು ಹೇಳಿ ದೊರೆಸ್ವಾಮಿ ಮೂರನೇ ಮಹಡಿಗೆ ಇಳಿದರು.